ಅಲ್ಯೂಮಿನಿಯಂ ಫ್ರೇಮಿನ ಹದ

ಹೊಸ ರೋಡ್ ಬೈಕ್ ಕೊಳ್ಳುವವರ ಕಣ್ಣು ಕಾರ್ಬನ್ ಫ್ರೇಮಿನತ್ತ ಹೋಗುವುದು ಸಹಜ. ಅದು ಹಗುರ, ಎಳೆಗಳನ್ನು ಬೇಕಾದ ದಿಕ್ಕಿಗೆ ಹಾಸಿ ಒಂದೆಡೆ ಬಿಗಿ, ಇನ್ನೊಂದೆಡೆ ಬಳುಕು ತರಬಹುದು. ಆದರೂ ನನ್ನ ಮೆಚ್ಚುಗೆ ಅಲ್ಯೂಮಿನಿಯಂಗೆ. ಒಳ್ಳೆಯ ಫ್ರೇಮಿನ ಕೊಳವೆಗಳು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆಸುಗೆಯ ಶಾಖಕ್ಕೆ ಮೆತ್ತಗಾದ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಮತ್ತೆ ಕಾಯಿಸಿ, ತಣಿಸಿ, ಹದಗೊಳಿಸಿ ಬಲ ತುಂಬುತ್ತಾರೆ. 1998ರಲ್ಲಿ ಸವಾರ ಮಾರ್ಕೊ ಪಾಂಟಾನಿ ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದದ್ದು ಅಲ್ಯೂಮಿನಿಯಂನ ಬಿಯಾಂಕಿ ಬೈಕ್ ಮೇಲೆ.

ಕಾರ್ಬನ್‌ಗೆ ಬಿದ್ದ ಪೆಟ್ಟು ಒಳಪದರದಲ್ಲೇ ಅಡಗಿರಬಹುದು. ಅಲ್ಯೂಮಿನಿಯಂ ಸಾಮಾನ್ಯವಾಗಿ ತಗ್ಗನ್ನು ಹೊರಗೇ ತೋರಿಸುತ್ತದೆ. ಕಾರ್ಬನ್‌ಗಿಂತ ಕಡಿಮೆ ಬೆಲೆಯಿಂದ ಉಳಿದ ಹಣವನ್ನು ಒಳ್ಳೆಯ ಚಕ್ರ, ಅಗಲ ಟೈರಿಗೆ ಹಾಕಿದರೆ ಸವಾರಿಯ ಒರಟುತನವೂ ಇಳಿಯುತ್ತದೆ. ಗ್ರಾಂ ಗ್ರಾಂ ಲೆಕ್ಕ ಹಾಕುವ ರೇಸ್ ಸವಾರರು ಕಾರ್ಬನ್ ಆರಿಸಲಿ. ದಿನವೂ ಪೆಡಲ್ ತುಳಿಯುವವರಿಗೆ ಅಲ್ಯೂಮಿನಿಯಂ ನಂಬಿಕೆಯ ಆಯ್ಕೆ.