ಬೀಟಾ ಹಾಕ್ಕೊಂಡವರ ಪಾಡು

ಜೂನ್ ಬಂತೆಂದರೆ ನಮ್ಮ ಕಡೆ ಎರಡು ಅಂಕಿಗಳ ಮೇಲೆ ಕಣ್ಣು. ಹಿರಿಯರು ಕೆಆರ್‌ಎಸ್ ಎಷ್ಟಡಿ ಆಯಿತೆಂದು ನೋಡುತ್ತಾರೆ; 124.80 ಮುಟ್ಟುವ ತನಕ ಅವರಿಗೆ ಬೇರೆ ಮಾತಿಲ್ಲ. ಹುಡುಗರು ನೋಡುವುದು ಫೋನಿನ ಓಎಸ್ ಎಷ್ಟನೇ ನಂಬರಿಗೆ ಬಂತೆಂದು. ಆಪಲ್ ಕಂಪನಿ ಹೊಸ ಓಎಸ್ ತೋರಿಸುವುದು ಇದೇ ತಿಂಗಳಲ್ಲಿ, ಅದರ ಪರೀಕ್ಷಾ ಆವೃತ್ತಿ, ಅಂದರೆ ಬೀಟಾ, ಹೊರಬೀಳುವುದೂ ಆಗಲೇ. 2025ರಲ್ಲಿ ಐಓಎಸ್ 18 ಇದ್ದದ್ದು ಸೀದಾ 26ಕ್ಕೆ ನೆಗೆಯಿತು. ಕಟ್ಟೆಯಲ್ಲಿ ಒಂದಡಿ ಏರಲು ವಾರಗಟ್ಟಲೆ ಕಾಯುವ ಊರಿನಲ್ಲಿ “ಇದ್ಯಾವ್ ಮಳೆಗ್ಲಾ ಒಂದೇ ಏಟ್ಗೆ ಎಂಟ್ ಏರ್ತು?” ಅನ್ನದೆ ಬಿಡುತ್ತಾರೆಯೇ?

ಕನ್ನಡದ ಯೂಟ್ಯೂಬ್ ಚಾನೆಲ್ಲುಗಳಲ್ಲಿ “ಈಗಲೇ ಇನ್‌ಸ್ಟಾಲ್ ಮಾಡಿ” ಎಂಬ ಕೆಂಪಕ್ಷರ ಕಾಣಿಸಿದ ಮೂರನೇ ದಿನಕ್ಕೆ ಮಂಡ್ಯದ ನೂರಡಿ ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಗಿರಾಕಿಗಳು ಶುರು. ಮೊದಲ ಸಾಲಿನಲ್ಲಿ ಎಂಜಿನಿಯರಿಂಗ್ ಹುಡುಗ. ಅವನಿಗೆ ಏನಾಗಿದೆಯೆಂದು ಗೊತ್ತು, ಯಾಕಾಯಿತೆಂದು ಗೊತ್ತು, ಅಪ್ಪನಿಗೆ ಹೇಗೆ ಹೇಳುವುದೆಂದು ಮಾತ್ರ ಗೊತ್ತಿಲ್ಲ. ಅವನ ಹಿಂದೆ ಪಿಯುಸಿ ಹುಡುಗ, ಎಂಜಿನಿಯರಿಂಗ್ ಹುಡುಗನ ಮಾತು ಕೇಳಿ ಕೆಟ್ಟವನು. ಕೊನೆಗೆ ನಿವೃತ್ತ ಮೇಷ್ಟ್ರು. ಅಪ್‌ಡೇಟ್ ಅಂತ ಎಲ್ಲಿ ಕಂಡರೂ ಒತ್ತುವುದು ಕರ್ತವ್ಯ ಎಂದು ನಂಬಿದವರು. ಮೊಮ್ಮಗ ರಜೆಗೆ ಬಂದಾಗ ಯಾವುದೋ ಪಟ್ಟಿಗೆ ಅವರ ಫೋನ್ ಸೇರಿಸಿ ಹೋಗಿದ್ದಾನೆ.

“ಟೆಸ್ಟಿಂಗ್ ವರ್ಷನ್ ಅಂತ ಬರ್ದಿರ್ಲಿಲ್ವೇನ್ಲಾ?”

“ಬರ್ದಿತ್ತು ಕಣಣ್ಣ. ಅದ್ಕೇ ಹಾಕ್ದೆ.”

ಈ ಉತ್ತರ ನನಗೆ ಬಲು ಇಷ್ಟ. ಪರೀಕ್ಷೆ ಎಂಬ ಮಾತು ಉಳಿದವರಿಗೆ ಎಚ್ಚರಿಕೆಯಾದರೆ ಇವರಿಗೆ ಆಹ್ವಾನ. ಹಿಂದೆ ಒಂದು ಬೇಲಿಯಾದರೂ ಇತ್ತು. ಆಪಲ್‌ನ ಡೆವಲಪರ್ ಬೀಟಾ ಬೇಕಿದ್ದರೆ ವರ್ಷಕ್ಕೆ 99 ಡಾಲರ್ ಕಟ್ಟಿ ಡೆವಲಪರ್ ಅನ್ನಿಸಿಕೊಳ್ಳಬೇಕಿತ್ತು. 2023ರ ಜೂನ್‌ನಿಂದ ಪುಕ್ಕಟೆ ಖಾತೆ ಇದ್ದರೂ ಸಾಕು. ಮಳವಳ್ಳಿ ಬಸ್ಸಿಗೆ ಕಾಯುತ್ತಾ ನಿಂತವನು ಬಸ್ಸು ಬರುವುದರೊಳಗೆ ಡೆವಲಪರ್ ಆಗಿಬಿಡಬಹುದು.

ಬೀಟಾ ಹಾಕಿದ ಫೋನು ಮೊದಲು ಬಿಸಿಯಾಗುತ್ತದೆ. ಹೊಸ ಓಎಸ್ ಕೂತ ದಿನ ಫೋನು ಒಳಗಿರುವ ಫೋಟೊ, ಮೆಸೇಜುಗಳನ್ನೆಲ್ಲ ಮತ್ತೆ ಪಟ್ಟಿ ಮಾಡುತ್ತದೆ. ಜೊತೆಗೆ ಪರೀಕ್ಷಾ ಆವೃತ್ತಿಯೆಂದರೆ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಕೆಲಸ ಬೇರೆ, ತಪ್ಪು ಸಿಕ್ಕರೆ ಕಂಪನಿಗೆ ತಿಳಿಯಲೆಂದು. ಬ್ಯಾಟರಿ ಇಳಿಯದೆ ಇನ್ನೇನು? ಆಮೇಲೆ ಬ್ಯಾಂಕಿನ ಆ್ಯಪ್ ಮುನಿಸಿಕೊಳ್ಳುತ್ತದೆ. ಹಣದ ಆ್ಯಪ್‌ಗಳಿಗೆ ಗುರುತಿಲ್ಲದ ಓಎಸ್ ಮೇಲೆ ಸದಾ ಗುಮಾನಿ. ಕೆಲವು ತೆರೆಯುವುದೇ ಇಲ್ಲ. ಮದ್ದೂರು ನಿಲ್ದಾಣದಲ್ಲಿ ರೈಲು ನಿಲ್ಲುವ ಅರೆಗಳಿಗೆಯಲ್ಲಿ ವಡೆ ಕೈಗೆ ಬಂದು, ದುಡ್ಡು ಕಳಿಸುವ ಆ್ಯಪ್ ಗಿರ್ರನೆ ತಿರುಗುತ್ತಾ ಕೂತರೆ, ವಡೆ ಮಾರುವವನಿಗೆ ಬೀಟಾ ಎಂದರೇನೆಂದು ಬಿಡಿಸಿ ಹೇಳಲು ಸಮಯ ಎಲ್ಲಿರುತ್ತದೆ?

ಇಷ್ಟಾದ ಮೇಲೆ ಎಲ್ಲರೂ ಕೇಳುವುದು ಒಂದೇ: “ಹಳೇದ್ಕೆ ವಾಪಸ್ ಹೋಗೋದೆಂಗೆ?” ಹೋಗಬಹುದು, ಬರಿಗೈಲಿ. ಆಂಡ್ರಾಯ್ಡ್ ಬೀಟಾದಿಂದ ನಡುವೆ ಹೊರಬಂದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಐಫೋನಿನಲ್ಲಿ ಬೀಟಾ ಹಾಕಿದ ಮೇಲೆ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಕೂರುವುದಿಲ್ಲ. ವಿಂಡೋಸ್‌ನ ಕ್ಯಾನರಿ ಚಾನೆಲ್ ಸೇರಿದವರು ಹೊರಬರಲು ಕಂಪ್ಯೂಟರನ್ನೇ ತೊಳೆದು ಹೊಸದಾಗಿ ಓಎಸ್ ಹಾಕಬೇಕು. ಕಲ್ಲಿದ್ದಲ ಗಣಿಯಲ್ಲಿ ವಿಷಗಾಳಿ ಇದೆಯೇ ಎಂದು ತಿಳಿಯಲು ಪಂಜರದಲ್ಲಿಟ್ಟು ಒಯ್ಯುತ್ತಿದ್ದ ಹಕ್ಕಿ ಕ್ಯಾನರಿ. ಅದು ಸತ್ತರೆ ಗಾಳಿ ಕೆಟ್ಟಿದೆಯೆಂದು ಅರ್ಥ. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ, ಹೆಸರಿನಲ್ಲೇ ಹೇಳಿದೆ. ನಮ್ಮವರು ಹಕ್ಕಿ ಚೆನ್ನಾಗಿದೆ ಎಂದು ಸೇರಿಕೊಂಡಿದ್ದಾರೆ. ಇಂಥ ಆವೃತ್ತಿಗಳಲ್ಲಿ ಕಂಪ್ಯೂಟರ್ ಕುಸಿದರೆ ಬರುವ ಪರದೆ, ಎಲ್ಲರೂ ಬಲ್ಲ ನೀಲಿಯದಲ್ಲ, ಹಸಿರಿನದು. 2016ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಪರೀಕ್ಷಕರಿಗೆಂದೇ ಆ ಬಣ್ಣ ಕೊಟ್ಟಿತು. ನಾಲೆ ಬಯಲಿನವರಿಗೆ ಹಸಿರು ಕಂಡರೆ ಗಾಬರಿಯಾಗುವುದಿಲ್ಲ, ಅದೇ ತೊಂದರೆ.

ಡೆಬಿಯನ್ ಲಿನಕ್ಸ್‌ನವರು ಇನ್ನೂ ರಸಿಕರು. ತಮ್ಮ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. ಸದಾ ಅಸ್ಥಿರವಾಗಿರುವ ಆವೃತ್ತಿಗೆ ಸಿಡ್ ಎಂದು ಹೆಸರು: ಆಟಿಕೆಗಳನ್ನು ಮುರಿಯುತ್ತಾ ಕೂರುವ ಪಕ್ಕದ ಮನೆ ಹುಡುಗ. ಸಿಡ್‌ಗೆ ಸೇರಿದ ಮೇಲೆ ‘ನನ್ನ ಲ್ಯಾಪ್‌ಟಾಪ್ ಮುರಿಯಿತು’ ಎಂದು ಅಳುವವನಿಗೆ ನನ್ನಲ್ಲಿ ಸಮಾಧಾನದ ಮಾತಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಹುಡುಗರ ತಲೆಗೆ ಕಟ್ಟುವುದೂ ಸರಿಯಲ್ಲ. ಪರೀಕ್ಷಾ ಆವೃತ್ತಿಯನ್ನು ಜನ ದುಡ್ಡು ಕೊಟ್ಟು ಕೊಂಡ ಕಾಲವೂ ಇತ್ತು. 2000ದ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಟೆನ್‌ನ ಬೀಟಾವನ್ನು 29.95 ಡಾಲರಿಗೆ ಮಾರಿತು. ಮರುವರ್ಷ ಮೇ ತಿಂಗಳಿಗೆ ಅದರ ಆಯಸ್ಸು ಮುಗಿಯಿತು. 2009ರ ವಿಂಡೋಸ್ 7ರ ಬೀಟಾ ಪುಕ್ಕಟೆಯಾಗಿತ್ತು, ಆದರೆ ಬೇರೆ ರೀತಿಯಲ್ಲಿ ವಸೂಲಿ ಮಾಡಿತು: ಕೆಲವು ಎಂಪಿ3 ಕಡತಗಳ ಮೊದಲ ಕೆಲವು ಸೆಕೆಂಡುಗಳನ್ನು ಕತ್ತರಿಸಿ ತಿನ್ನುವ ದೋಷ ಅದರಲ್ಲಿತ್ತು. ರಾಜ್‌ಕುಮಾರ್ ಹಾಡು ಆಲಾಪವಿಲ್ಲದೆ ಪಲ್ಲವಿಗೇ ಶುರುವಾದರೆ ಹೇಗಿರುತ್ತದೆ ಯೋಚಿಸಿ. ನಂತರ ಬಂದ ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಬಲು ಗಟ್ಟಿ, ನಾನು ಮೆಚ್ಚಿದ ಪರೀಕ್ಷಾ ಆವೃತ್ತಿಗಳಲ್ಲಿ ಅದಕ್ಕೇ ಮೊದಲ ಮಣೆ. ಅವಧಿ ಮುಗಿಯುತ್ತಾ ಬಂದಾಗ, 2010ರ ಮಾರ್ಚ್ 1ರಿಂದ, ಎರಡು ಗಂಟೆಗೊಮ್ಮೆ ಕಂಪ್ಯೂಟರನ್ನು ತಾನಾಗಿ ಆರಿಸುತ್ತಿತ್ತು. ಬೇಸಿಗೆಯ ಲೋಡ್ ಶೆಡ್ಡಿಂಗ್ ಬಲ್ಲ ನಮ್ಮ ತಾಲೂಕುಗಳಲ್ಲಿ ಇದನ್ನು ಯಾರಾದರೂ ಗಮನಿಸಿದ್ದರೇ ಎಂಬುದು ನನ್ನ ಅನುಮಾನ. (1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಮಳವಳ್ಳಿ ತಾಲೂಕು. ಅಲ್ಲೇ ಅಪ್‌ಡೇಟ್ ಅರವತ್ತು ಪರ್ಸೆಂಟಿಗೆ ಬಂದಾಗ ಕರೆಂಟು ಹೋದರೆ ಯಾರನ್ನು ಬಯ್ಯುವುದು?)

ನನ್ನನ್ನು ಕೇಳಿದರೆ ಮಂಡ್ಯದವರಿಗೆ ಬೀಟಾ ಹೇಗೆ ಹಾಕಬೇಕೆಂದು ಯಾರೂ ಕಲಿಸಬೇಕಿಲ್ಲ. ವಿ.ಸಿ. ಫಾರಂ ಇರುವ ಊರಿದು. ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಇಲ್ಲಿ, ಕೆಆರ್‌ಎಚ್-2 ಹೈಬ್ರಿಡ್ ಭತ್ತ ಹೊರಬಂದದ್ದೂ ಇಲ್ಲಿಂದಲೇ. ಹೊಸ ತಳಿ ಮೊದಲು ಫಾರಂನ ಮಡಿಗಳಲ್ಲಿ ಹಂಗಾಮಿನ ಮೇಲೆ ಹಂಗಾಮು ಬೆಳೆಯಬೇಕು, ಆಮೇಲೆ ಮಿನಿಕಿಟ್ ಚೀಲದಲ್ಲಿ ರೈತನ ಕೈಗೆ. ಆ ರೈತ ಏನು ಮಾಡುತ್ತಾನೆ? ನಾಲ್ಕೆಕರೆಗೂ ಎರಚುತ್ತಾನೆಯೇ? ಮೂಲೆಯಲ್ಲಿ ನಾಲ್ಕು ಗುಂಟೆ ಬಿಡುತ್ತಾನೆ, ಪಕ್ಕದಲ್ಲೇ ತನ್ನ ಮಾಮೂಲಿ ಭತ್ತ ಹಾಕಿ ಎರಡನ್ನೂ ಹೋಲಿಸುತ್ತಾನೆ. ರೋಗ ಬಿದ್ದರೆ ಫಾರಂಗೇ ಹೋಗಿ ಮೇಜಿನ ಮೇಲೆ ತೆನೆ ಇಟ್ಟು “ನೋಡಿ ಸಾರ್ ನಿಮ್ ಬೀಜ” ಅನ್ನುತ್ತಾನೆ. ಅವನ ಮಗನೋ, ಇರುವ ಒಂದೇ ಫೋನಿಗೆ ಬೀಟಾ ಹಾಕಿ, ಕೆಟ್ಟಾಗ ಅಂಗಡಿಗೆ ಓಡುತ್ತಾನೆ. ಬೀಜ ಕೊಟ್ಟವರಿಗೆ ಒಂದು ಮಾತು ತಿಳಿಸುವುದಿಲ್ಲ. ಅನುಭವವಿಲ್ಲದವನು ಬೀಟಾ ಹಾಕಿದ್ದಕ್ಕೆ ನಾನು ನಗುವುದಿಲ್ಲ, ಈ ಎರಡಕ್ಕೆ ನಗುತ್ತೇನೆ.

ಅನುಭವವಿಲ್ಲದವರ ದೂರು ಯಾರಿಗೆ ಬೇಕು ಅನ್ನುವವರು 2018ರ ಅಕ್ಟೋಬರ್ ಕಥೆ ಕೇಳಬೇಕು. ಆ ತಿಂಗಳ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು, ಪರೀಕ್ಷೆ ಎಲ್ಲ ಮುಗಿಸಿ ಪಾಸಾದದ್ದು. ಹಾಕಿಕೊಂಡ ಕೆಲವರ ಡಾಕ್ಯುಮೆಂಟುಗಳು, ಫೋಟೊಗಳು ಮಾಯವಾದವು. ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಬೇರೆ ಜಾಗಕ್ಕೆ ತಿರುಗಿಸಿದ್ದವರ ಹಳೆಯ ಫೋಲ್ಡರು ಖಾಲಿ ಇರಬೇಕೆಂದು ಅಪ್‌ಡೇಟ್ ಲೆಕ್ಕ ಹಾಕಿ, ಅದರಲ್ಲಿ ಇನ್ನೂ ಉಳಿದಿದ್ದ ಕಡತಗಳ ಸಮೇತ ಅಳಿಸಿಬಿಟ್ಟಿತ್ತು. ಒಂದು ವಾರ ಕಳೆಯುವುದರೊಳಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ನಿಲ್ಲಿಸಬೇಕಾಯಿತು. ಆಮೇಲೆ ನೋಡಿದರೆ, ತಿಂಗಳುಗಳ ಹಿಂದೆಯೇ ಕೆಲವು ಪರೀಕ್ಷಕರು ‘ನನ್ನ ಕಡತ ಕಾಣೆಯಾಗಿದೆ’ ಎಂದು ಬರೆದಿದ್ದರು. ಹೆಚ್ಚು ಜನ ಹೌದೌದು ಎಂದು ಒತ್ತಿರದ ಕಾರಣ ಆ ದೂರು ಅಡಿಯಲ್ಲಿ ಹೂತುಹೋಗಿತ್ತು. ತೊಂದರೆ ಎಷ್ಟು ಗಂಭೀರ ಎಂದು ಪರೀಕ್ಷಕನೇ ತಿಳಿಸುವ ಅವಕಾಶವನ್ನು ಕಂಪನಿ ಸೇರಿಸಿದ್ದು ಅದಾದ ಮೇಲೆ.

ನಮ್ಮ ಹುಡುಗರು ದೂರು ಕೊಡಲು ಇನ್ನೊಂದು ಕಾರಣವಿದೆ, ಸ್ವಲ್ಪ ಸ್ವಾರ್ಥದ್ದು. ಹೊಸ ಓಎಸ್‌ನಲ್ಲಿ ಕನ್ನಡ ಮುರಿದರೆ ಅಮೆರಿಕದಲ್ಲಿ ಕೂತ ಪರೀಕ್ಷಕರಿಗೆ ಕಾಣುವುದಿಲ್ಲ. ಆಂಡ್ರಾಯ್ಡ್‌ಗೆ ಕನ್ನಡದ ಅಕ್ಷರ ಸೇರಿದ್ದೇ 2012ರ 4.1 ಆವೃತ್ತಿಯಲ್ಲಿ, ಅದಕ್ಕೂ ಮುಂಚೆ ಎಷ್ಟೋ ಫೋನುಗಳಲ್ಲಿ ನಮ್ಮ ಭಾಷೆ ಬರೀ ಚೌಕಗಳ ಸಾಲಾಗಿ ಕಾಣುತ್ತಿತ್ತು. ಈಗ ಅಕ್ಷರ ಬರುತ್ತದೆ, ಒತ್ತಕ್ಷರಕ್ಕೆ ಜಾಗ ಇರುವುದಿಲ್ಲ. ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯೊಳಗೆ ಕನ್ನಡ ಹೋದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ.

ಇದಕ್ಕೆ ಬೇಕಾದ ಪರೀಕ್ಷೆ ನಮ್ಮೂರುಗಳ ಹೆಸರಿನಲ್ಲೇ ಇದೆ. ಮಂಡ್ಯದಲ್ಲಿ ಡ್ಯ, ಮದ್ದೂರಿನಲ್ಲಿ ದ್ದೂ, ಮಳವಳ್ಳಿಯಲ್ಲಿ ಳ್ಳಿ. ಮೂರನ್ನೂ ಫೋನಿನ ಗಡಿಯಾರ, ನೋಟಿಫಿಕೇಶನ್, ನಕ್ಷೆ, ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆ, ಎಲ್ಲೆಲ್ಲಿ ಬರೆಯಲು ಬರುತ್ತದೋ ಅಲ್ಲೆಲ್ಲ ಬರೆದು ನೋಡಿ. ಅರ್ಕಾವೊತ್ತಿಗೆ ಗುತ್ತಲಿನ ಅರ್ಕೇಶ್ವರ ಇದ್ದಾನೆ. ಹೆಚ್ಚಾಗಿ ಪೆಟ್ಟು ತಿನ್ನುವವಳು ಮಳವಳ್ಳಿ. ಅವಳ ಒತ್ತು ಕೆಳಕ್ಕೆ ಜೋತುಬೀಳುತ್ತದೆ, ಗುಂಡಿಯ ಅಂಚು ಮೊದಲು ಅದನ್ನೇ ಕೊಯ್ಯುತ್ತದೆ.

ದೂರು ಬರೆಯುವಾಗ “ಕನ್ನಡ ಸರಿ ಬರ್ತಿಲ್ಲ, ಸರಿ ಮಾಡ್ರಪ್ಪ” ಎಂದಷ್ಟೇ ಬರೆದರೆ ಆ ಕಡೆಯ ಎಂಜಿನಿಯರ್ ತಲೆ ಕೆರೆದುಕೊಂಡು ಮುಚ್ಚಿಡುತ್ತಾನೆ. ಬೀಟಾದ ಪೂರ್ತಿ ನಂಬರು, ಯಾವ ಆ್ಯಪ್, ಯಾವ ಅಕ್ಷರ, ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತೇ, ಇಷ್ಟಿದ್ದು ಜೊತೆಗೊಂದು ಸ್ಕ್ರೀನ್‌ಶಾಟ್ ಇರಲಿ. ಕಳಿಸಿಯಾದ ಮೇಲೆ ಬೇಕಿದ್ದರೆ ನೂರಡಿ ರಸ್ತೆಗೆ ಹೋಗಿ ಫೋನ್ ತೊಳೆಸಿಕೊಂಡು ಬನ್ನಿ.