ಕೀಳರಿಮೆಯ ಕಥೆ ಸಾಕು

ಸಹಪಾಠಿಗಳನ್ನು ಕಾಡಿಸುವ ಹುಡುಗ ಒಳಗೊಳಗೇ ಅಂಜುಬುರುಕ, ಮನೆಯಲ್ಲಿ ಪ್ರೀತಿ ಕಾಣದವನು, ಕೀಳರಿಮೆಯಿಂದ ನರಳುವವನು. ಆಪ್ತಸಲಹೆಗಾರರಿಂದ ಹಿಡಿದು ಸಿನಿಮಾದವರೆಗೆ ಎಲ್ಲರೂ ಒಪ್ಪಿರುವ ಮಾತಿದು. ಇದರ ಹಿಂದಿನ ಕರುಣೆಯನ್ನು ಗೌರವಿಸುತ್ತೇನೆ, ವಿವರಣೆಯನ್ನು ಒಪ್ಪಲಾರೆ. ಹೀಗೆ ಕಾಡಿಸುವುದರ (ಬುಲ್ಲಿಯಿಂಗ್) ಅಧ್ಯಯನಕ್ಕೆ ಬುನಾದಿ ಹಾಕಿದ ಡ್ಯಾನ್ ಓಲ್ವೇಯಸ್ ಸ್ವೀಡನ್ನಿನ ಹುಡುಗರಲ್ಲಿ ಈ ಅಡಗಿದ ಅಳುಕನ್ನು ಹುಡುಕಿದರು, ಸಿಗಲಿಲ್ಲ. ಕಥೆ ಮಾತ್ರ ಉಳಿದುಕೊಂಡಿತು.

ಅದು ಕಾಣದೆ ಬಿಟ್ಟದ್ದು ಅಂತಸ್ತನ್ನು. ಅಮೆರಿಕದ ನಾರ್ತ್ ಕೆರೊಲಿನಾದ ಶಾಲೆಗಳಲ್ಲಿ 8ರಿಂದ 10ನೇ ತರಗತಿಯ ಮಕ್ಕಳ ಗೆಳೆತನದ ಜಾಲವನ್ನು ರಾಬರ್ಟ್ ಫ್ಯಾರಿಸ್ ಮತ್ತು ಡಯಾನ್ ಫೆಲ್ಮ್ಲೀ ಬಿಡಿಸಿ ನೋಡಿದರು. 2011ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಜಾಲದಲ್ಲಿ ಸ್ಥಾನ ಏರಿದಂತೆ ಕಾಡಿಸುವುದೂ ಏರುತ್ತದೆ; ತುತ್ತತುದಿಯ ಶೇ 2ರಷ್ಟು ಮಕ್ಕಳಲ್ಲಿ ಮಾತ್ರ ಇಳಿಯುತ್ತದೆ. ಅಂದರೆ ಹೆಚ್ಚು ಕಾಡಿಸುವವರು ತುದಿಗೆ ಇನ್ನೇನು ಕೈ ತಾಗಬೇಕು ಎನ್ನುವವರು. 2014ರ ಅವರ ಮುಂದಿನ ಅಧ್ಯಯನದಲ್ಲಿ, ಹಾಗೆ ಏರುವ ಮಕ್ಕಳೇ ಹೆಚ್ಚು ಏಟು ತಿನ್ನುವುದೂ ಕಂಡಿತು. ಮೂಲೆಯ ಒಂಟಿ ಮಗುವೂ ಬಲಿಯಾಗುತ್ತದೆ, ನಿಜ. ಬಲಿಯಾಗುವುದು ಅದೊಂದೇ ಅಲ್ಲ. ತುದಿಯವರ ಶಾಂತಿಯನ್ನು ಒಳ್ಳೆಯತನ ಎನ್ನಲು ನಾನಂತೂ ಸಿದ್ಧನಿಲ್ಲ. ಮೆಚ್ಚುಗೆಗಾಗಿ ಕಾದಿರುವ ಹಿಂಬಾಲಕರಿದ್ದಾಗ ತಾನೇ ಕೈ ಎತ್ತುವ ಅಗತ್ಯವೇನು?

ಕಾಡಿಸುತ್ತಲೂ ಕಾಡಿಸಿಕೊಳ್ಳುತ್ತಲೂ ಇರುವ ಕೆಲವು ಮಕ್ಕಳು ನಿಜಕ್ಕೂ ನೊಂದವರು, ಅವರಿಗೆ ಆಪ್ತಸಲಹೆ ಬೇಕು ಎಂಬ ಆಕ್ಷೇಪ ಸರಿಯೇ. ಆದರೆ ಆ ಕೆಲವರ ಚಿತ್ರವನ್ನು ಎಲ್ಲರಿಗೂ ಅಂಟಿಸಿದಾಗ ಚುರುಕಾಗಿ ಮಾತಾಡುವ, ಮೇಷ್ಟರಿಗೆ ಅಚ್ಚುಮೆಚ್ಚಿನ ಮಗು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. (ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ನಮ್ಮ ಕ್ಲಾಸ್ ಲೀಡರ್ ಮೇಲೆ ಯಾರಿಗೆ ಅನುಮಾನ ಬಂದೀತು?) ಈ ಮಗುವಿಗೆ ಆತ್ಮವಿಶ್ವಾಸದ ಪಾಠ ಹೇಳಿದರೆ, ಅದರಲ್ಲಿ ಮೊದಲೇ ಹೇರಳವಾಗಿರುವುದನ್ನೇ ಮತ್ತೆ ಕೊಟ್ಟಂತೆ.

ಫಿನ್ಲೆಂಡಿನಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಅವರ ತಂಡ ರೂಪಿಸಿದ 'ಕಿವಾ' ಕಾರ್ಯಕ್ರಮ, ಕಾಡಿಸುವವನಿಗೆ ಅಂತಸ್ತು ಕೊಡುವುದು ನೋಡುಗರೇ ಎಂಬ ಅಂಶವನ್ನು ಹಿಡಿಯಿತು: ಅದು ಮಾತಾಡಿಸುವುದು ನಿಂತು ನೋಡುವ, ನಗುವ, ಸುಮ್ಮನಿರುವ ಮಕ್ಕಳನ್ನು. ಕಿರಿಯ ತರಗತಿಗಳಲ್ಲಿ ಅದು ಚೆನ್ನಾಗಿ ಫಲ ಕೊಟ್ಟಿದೆ, 7ರಿಂದ 9ನೇ ತರಗತಿಗಳಲ್ಲಿ ಅಷ್ಟಿಲ್ಲ. ಅಂತಸ್ತಿನ ಹಸಿವು ಕೆರಳುವ ವಯಸ್ಸೇ ಅದು. ಹಾಗಾಗಿ ಈ ಕೊರತೆ ನನ್ನ ವಾದಕ್ಕೆ ವಿರುದ್ಧವಲ್ಲ ಎಂದೇ ನನ್ನ ಓದು.

ಶಾಲೆಯ ಸಭೆಯಲ್ಲಿ ಇನ್ನು ಮೇಲೆ ಕಾಡಿಸಿದವನ ಮನೆಯ ವಿಚಾರಕ್ಕೆ ಹೋಗುವ ಮೊದಲು, ಅವನು ಕಾಡಿಸಿದಾಗ ಯಾರು ಯಾರು ನಕ್ಕರು ಎಂದು ಕೇಳಿ.