ಕಲ್ಲುನೆಲದ ಒಗರು

ಸಸ್ಸಿಕಾಯಾ ಎಂಬ ಹೆಸರನ್ನು ಮೊದಲ ಸಲ ಮನೆಯಲ್ಲಿ ಹೇಳಿದಾಗ ಅಕ್ಕ ಕೇಳಿದ್ದಳು: ‘ಅದನ್ನ ಹುಳಿಗೆ ಹಾಕ್ತಾರೋ, ಪಲ್ಯಕ್ಕೋ?’ ಹೀರೇಕಾಯಿ, ಪಡವಲಕಾಯಿಗಳ ಸಾಲಿನಲ್ಲಿ ಸಲೀಸಾಗಿ ಕೂರುವ ಹೆಸರು ಅದು. ಅಕ್ಕನ ಗುಮಾನಿ ಪೂರ್ತಿ ಸುಳ್ಳೂ ಅಲ್ಲ. ಎಳೆಯದರಲ್ಲಿ ಈ ವೈನ್ ಕಾಯಿಯೇ. ಹಣ್ಣಾಗಲು ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಹೆಸರಿನ ಅರ್ಥ ಮಾತ್ರ ಬೇರೆ. ಇಟಾಲಿಯನ್ನಿನಲ್ಲಿ ಸಾಸ್ಸೊ ಎಂದರೆ ಕಲ್ಲು. ಸಸ್ಸಿಕಾಯಾ ಅಂದರೆ ಕಲ್ಲು ತುಂಬಿದ ನೆಲ.

ಆ ನೆಲ ಇರುವುದು ಇಟಲಿಯ ಟಸ್ಕನಿ ಕರಾವಳಿಯಲ್ಲಿ, ಬೊಲ್ಗೆರಿ ಎಂಬ ಸಣ್ಣ ಊರಿನ ಬಳಿ. ಎಸ್ಟೇಟಿನ ಹೆಸರು ತೆನೂತಾ ಸಾನ್ ಗ್ವೀದೊ. ಅಲ್ಲಿಂದ ಊರಿನವರೆಗೆ ಸುಮಾರು 5 ಕಿಲೋಮೀಟರ್ ದಾರಿ, ಎರಡೂ ಬದಿ ಸೈಪ್ರಸ್ ಮರಗಳು. 1906ರಲ್ಲಿ ನೊಬೆಲ್ ಪಡೆದ ಕವಿ ಕಾರ್ದುಚ್ಚಿ ಆ ಮರಗಳ ಮೇಲೆ ಪದ್ಯ ಬರೆದದ್ದರಿಂದ ಊರಿಗೆ ಹೆಸರು ಬಂದಿತ್ತೇ ಹೊರತು ವೈನಿನಿಂದಲ್ಲ. ಟಸ್ಕನಿಯ ವೈನ್ ಎಂದರೆ ಒಳನಾಡಿನ ಕಿಯಾಂತಿ, ಅಲ್ಲಿನ ಸಾಂಜೊವೇಸೆ ದ್ರಾಕ್ಷಿ. ಸಮುದ್ರದ ಪಕ್ಕದ ಈ ನೆಲದಿಂದ ಒಳ್ಳೆಯ ಕೆಂಪು ವೈನ್ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ಎಣಿಸಿದವರು ಮಾರಿಯೊ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಎಂಬ, ಮಾರ್ಕೇಸೆ ಬಿರುದಿನ ಶ್ರೀಮಂತ. 1920ರ ದಶಕದಲ್ಲಿ ಪೀಸಾದಲ್ಲಿ ಓದುತ್ತಿದ್ದಾಗಲೇ ಅವರಿಗೆ ಫ್ರಾನ್ಸಿನ ಬೋರ್ಡೊ ವೈನಿನ ರುಚಿ ಹತ್ತಿತ್ತು. ಎಸ್ಟೇಟು ಹೆಂಡತಿ ಕ್ಲಾರಿಚೆಯ ಕಡೆಯಿಂದ ಬಂದದ್ದು. ಬೋರ್ಡೊದಲ್ಲಿ ಗ್ರಾವ್ ಎಂಬ ಪ್ರದೇಶವಿದೆ. ಜಲ್ಲಿಕಲ್ಲಿನಿಂದಲೇ ಅದಕ್ಕೆ ಆ ಹೆಸರು. ತಮ್ಮ ನೆಲದ ಕಲ್ಲಿಗೂ ಗ್ರಾವ್‌ನ ಕಲ್ಲಿಗೂ ಹೋಲಿಕೆ ಕಂಡ ಮಾರಿಯೊ 1944ರಲ್ಲಿ ಗುಡ್ಡದ ಮೇಲೆ, ಸಮುದ್ರಕ್ಕೆ ಬೆನ್ನು ಹಾಕಿದ ಒಂದು ತುಂಡು ಜಾಗದಲ್ಲಿ ಬೋರ್ಡೊದ ಕ್ಯಾಬರ್ನೆ ದ್ರಾಕ್ಷಿ ನೆಟ್ಟರು. ಕಡ್ಡಿಗಳು ಬೋರ್ಡೊದ ಪ್ರಸಿದ್ಧ ಶಾತೊ ಲಾಫೀಟ್‌ನಿಂದ ಬಂದವು ಎಂಬ ಕಥೆಯನ್ನು ಇಂದಿಗೂ ವೈನ್ ಮಾರುವವರು ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಮಾರಿಯೊ ಅವರೇ 1974ರಲ್ಲಿ ಬರಹಗಾರ ಲುಯೀಜಿ ವೆರೊನೆಲ್ಲಿಗೆ ಬರೆದ ಪತ್ರದಲ್ಲಿ, ಪೀಸಾ ಹತ್ತಿರದ ಮಿಲ್ಯಾರೀನೊದಲ್ಲಿದ್ದ ಸಾಲ್ವಿಯಾತಿ ಮನೆತನದ ತೋಟದ ಹೆಸರು ಹೇಳಿದ್ದಾರೆ. ನಾನು ಪತ್ರವನ್ನೇ ನಂಬುತ್ತೇನೆ.

ಬೋರ್ಡೊ ಶೈಲಿಯೆಂದರೆ ಒಂದೇ ದ್ರಾಕ್ಷಿಯ ವೈನಲ್ಲ, ಬೆರಕೆ. ಕ್ಯಾಬರ್ನೆ ಸಾವಿನ್ಯೋನ್, ಮೆರ್ಲೊ, ಕ್ಯಾಬರ್ನೆ ಫ್ರಾಂಕ್, ಜೊತೆಗೆ ಚಿಟಿಕೆಯಷ್ಟು ಬೇರೆಯವು. ಕ್ಯಾಬರ್ನೆ ಸಾವಿನ್ಯೋನ್ ಸಣ್ಣ ಹಣ್ಣು, ದಪ್ಪ ಸಿಪ್ಪೆ. ಬಣ್ಣವೂ ಜಾಸ್ತಿ, ಟ್ಯಾನಿನ್ನೂ ಜಾಸ್ತಿ. ಟ್ಯಾನಿನ್ ಎಂದು ವೈನ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ನಾವು ಒಂದೇ ಪದದಲ್ಲಿ ಮುಗಿಸುತ್ತೇವೆ: ಒಗರು. ನೇರಳೆ ತಿಂದ ನಾಲಿಗೆ ಅಂಗುಳಕ್ಕೆ ಅಂಟುತ್ತದಲ್ಲ, ಅದು. ಮಲೆನಾಡಿನವರಿಗೆ ಅಷ್ಟೂ ಹೇಳಬೇಕಿಲ್ಲ, ಅಡಿಕೆ ಬೇಯಿಸಿದ ಹಂಡೆಯ ತಳದ ಕೆಂಪು ಚೊಗರನ್ನು ತೋರಿಸಿದರೆ ಸಾಕು. ಬೋರ್ಡೊದಲ್ಲಿ ಈ ಒಗರನ್ನು ಮೆದುಗೊಳಿಸುವ ಕೆಲಸ ಮೆರ್ಲೊದ್ದು. ಸಸ್ಸಿಕಾಯಾದಲ್ಲಿ ಮೆರ್ಲೊ ಇಲ್ಲವೇ ಇಲ್ಲ. ಹೆಚ್ಚುಕಡಿಮೆ 85 ಪಾಲು ಕ್ಯಾಬರ್ನೆ ಸಾವಿನ್ಯೋನ್, ಉಳಿದ 15 ಕ್ಯಾಬರ್ನೆ ಫ್ರಾಂಕ್. ಮೆದುಗೊಳಿಸುವ ಕೆಲಸ ಇಲ್ಲಿ ಕಾಲಕ್ಕೆ ಬಿಟ್ಟದ್ದು.

ಹಾಗಾಗಿ ಮೊದಮೊದಲು ಕುಡಿದವರೆಲ್ಲ ಮುಖ ಸಿಂಡರಿಸಿದರು. ಹಗುರವಾದ, ಆ ವರ್ಷದ್ದನ್ನು ಆ ವರ್ಷವೇ ಕುಡಿದು ಮುಗಿಸುವ ವೈನಿಗೆ ಒಗ್ಗಿದ್ದ ನಾಲಿಗೆಗಳು ಅವು. ಮಾರಿಯೊ ವಾದಕ್ಕೆ ನಿಲ್ಲಲಿಲ್ಲ. 1948ರಿಂದ 1967ರವರೆಗೆ ಆ ವೈನನ್ನು ಮನೆಯವರಷ್ಟೇ ಕುಡಿದರು; ಪ್ರತಿ ವರ್ಷ ಕೆಲವು ಪೆಟ್ಟಿಗೆಗಳು ನೆಲಮಾಳಿಗೆಗೆ ಹೋದವು. ಹಳೆಯ ಬಾಟಲಿ ತೆರೆದಾಗ ಒಗರು ಕರಗಿ, ಅದರಡಿ ಮುಚ್ಚಿಹೋಗಿದ್ದ ಹಣ್ಣು ಮೇಲೆ ಬಂದಿರುತ್ತಿತ್ತು.

ಅಂದಹಾಗೆ ಮಾರಿಯೊಗೆ ಇನ್ನೊಂದು ಹುಚ್ಚೂ ಇತ್ತು, ಕುದುರೆ. ರೇಸ್ ಕುದುರೆ ಸಾಕಣೆಯಲ್ಲಿ ದಂತಕಥೆಯಾದ ಫೆದೆರೀಕೊ ತೇಸಿಯೊ ಜೊತೆ ಪಾಲುದಾರರು. ಅವರ ಲಾಯದ ರೀಬೊ ಓಡಿದ್ದು 16 ರೇಸು, ಗೆದ್ದದ್ದು 16. ಪ್ಯಾರಿಸಿನ ಆರ್ಕ್ ದ ತ್ರಿಯೋಂಫ್ ರೇಸನ್ನು 1955, 1956ರಲ್ಲಿ ಸಾಲಾಗಿ ಹೊಡೆದ ಕುದುರೆ. ತಮಾಷೆಯೆಂದರೆ ಮರಿಯಾಗಿದ್ದಾಗ ತೀರ ಚಿಕ್ಕದೆಂದು ಅದನ್ನು ಇಟಲಿಯ ಡರ್ಬಿಗೆ ಹೆಸರೇ ಹಚ್ಚಿರಲಿಲ್ಲ.

ವೈನ್ ಅಂಗಡಿಗೆ ಬಂದದ್ದು ಮಗ ನಿಕೊಲೊ ಮತ್ತು ನೆಂಟರಾದ ಆಂತಿನೋರಿ ಮನೆತನದ ಒತ್ತಾಯದಿಂದ. 1968ರ ಫಸಲು 1971ರಲ್ಲಿ ಮಾರಾಟಕ್ಕೆ ಬಂತು. ಆಂತಿನೋರಿಯವರ ವೈನ್ ತಜ್ಞ ಜಾಕೊಮೊ ತಾಕಿಸ್ ಬಂದು ಕೈಹಿಡಿದು ಸರಿಮಾಡಿದರು. ಇಂದಿಗೂ ಅದು 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಸುಮಾರು ಎರಡು ವರ್ಷ ಕೂರುತ್ತದೆ. 1978ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆ 11 ದೇಶಗಳ 33 ಕ್ಯಾಬರ್ನೆ ವೈನುಗಳನ್ನು ಹೆಸರು ಮುಚ್ಚಿಟ್ಟು ಕುಡಿಸಿದಾಗ ಮೊದಲು ಬಂದದ್ದು ಸಸ್ಸಿಕಾಯಾ 1972. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ 1985ರ ಫಸಲಿಗೆ ನೂರಕ್ಕೆ ನೂರು ಕೊಟ್ಟರು. ನಡುವೆ 1983ರಲ್ಲಿ ಮಾರಿಯೊ ತೀರಿಕೊಂಡಿದ್ದರು.

ಇಷ್ಟಾದರೂ ಇಟಲಿಯ ಕಾನೂನಿನ ಲೆಕ್ಕದಲ್ಲಿ ಅದು ‘ವೀನೊ ದ ತಾವೊಲಾ’, ಊಟದ ಮೇಜಿನ ಸಾದಾ ವೈನು. ಬೊಲ್ಗೆರಿಗೆ 1983ರಲ್ಲಿ ಸರ್ಕಾರಿ ಮಾನ್ಯತೆ ಬಂದರೂ ಬಿಳಿ ಮತ್ತು ರೋಸೆಗೆ ಮಾತ್ರ. ಊರಿಗೆ ಕೀರ್ತಿ ತಂದ ಕೆಂಪು ವೈನಿಗೆ ಜಾಗವಿಲ್ಲ! 1994ರಲ್ಲಿ ನಿಯಮ ಬದಲಾಯಿತು. ಈಗ ಸಸ್ಸಿಕಾಯಾಗೆ ಅದರದ್ದೇ ಹೆಸರಿನ ಪ್ರತ್ಯೇಕ ಮಾನ್ಯತೆಯಿದೆ. ಒಂದೇ ಎಸ್ಟೇಟಿಗೆ ಹೀಗೆ ಸಿಕ್ಕಿದ್ದು ಇಟಲಿಯಲ್ಲಿ ಇದೊಂದಕ್ಕೇ.

ನಾನು ಇದನ್ನು ಕುಡಿದದ್ದು ಎರಡೇ ಸಲ. ಮೊದಲನೆಯದು ಶುದ್ಧ ದಡ್ಡತನ. ಸ್ನೇಹಿತನೊಬ್ಬ ತಂದುಕೊಟ್ಟ ಐದು ವರ್ಷದ ಬಾಟಲಿಯನ್ನು ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದ ಮಟನ್ ಸಾರಿನ ಜೊತೆ ತೆರೆದೆ. ಖಾರದ ಬಾಯಿಗೆ ಒಗರು ಎರಡರಷ್ಟಾಗಿ, ಆಲ್ಕೋಹಾಲು ಉರಿಯಾಗಿ, ದುಬಾರಿ ವೈನು ಕಷಾಯದಂತೆ ಇಳಿಯಿತು. ಎರಡನೆಯದು ಹದಿನೇಳು ವರ್ಷದ್ದು, ಬರೀ ಕಾಳುಮೆಣಸು ಉಪ್ಪಿನಲ್ಲಿ ಹುರಿದ ಕುರಿಮಾಂಸದ ಜೊತೆ. ಗ್ಲಾಸನ್ನು ಓರೆ ಹಿಡಿದರೆ ಅಂಚಿನಲ್ಲಿ ಕೆಂಪು ಬಿಟ್ಟು ಇಟ್ಟಿಗೆ ಬಣ್ಣ. ಮೂಗಿಗೆ ಮೊದಲು ಬಂದದ್ದು ಹಣ್ಣಲ್ಲ, ಅಜ್ಜನ ಕಾಲದ ಮರದ ಪೆಟ್ಟಿಗೆ ತೆರೆದ ವಾಸನೆ, ಒಣಗಿದ ಹೊಗೆಸೊಪ್ಪು. ಕಾಲು ಗಂಟೆ ಬಿಟ್ಟು ನೇರಳೆ. ಮಾಂಸದ ತುಣುಕಿನ ಮೇಲೆ ಗುಟುಕು ಬಿದ್ದಾಗ ಒಗರು ಇತ್ತೋ ಇಲ್ಲವೋ ಎಂಬಷ್ಟು. ಮಾಂಸದ ಪ್ರೋಟೀನು ಟ್ಯಾನಿನ್ನನ್ನು ಕಟ್ಟಿಹಾಕುತ್ತದೆ. ಡಿಕಾಕ್ಷನ್ ಚಹಾಕ್ಕೆ ಹಾಲು ಬಿದ್ದಾಗ ಒಗರು ಇಳಿಯುವುದೂ ಇದೇ ಲೆಕ್ಕ. ನನ್ನನ್ನು ಕೇಳಿದರೆ ಸಸ್ಸಿಕಾಯಾದ ದೊಡ್ಡ ಗುಣ ಮೈಕಟ್ಟಲ್ಲ, ಗಾಂಭೀರ್ಯ. ಓಕಿನ ವೆನಿಲಾ ಬಳಿದುಕೊಂಡು ಜಾಮಿನಂತೆ ಬಾಯಿ ತುಂಬುವ ಈಚಿನ ಎಷ್ಟೋ ಕ್ಯಾಬರ್ನೆಗಳ ಎದುರು ಇದು ಮೆಲುದನಿಯದು.

ಬೊಲ್ಗೆರಿಯಲ್ಲಿ ಈಗ ಗೇಣು ಜಾಗವೂ ಖಾಲಿ ಇಲ್ಲ. ನೆರೆಯ ಒರ್ನೆಲ್ಲಾಯಾ ಎಸ್ಟೇಟನ್ನು ಲೊದೊವೀಕೊ ಆಂತಿನೋರಿ 1981ರಲ್ಲಿ ಕಟ್ಟಿದರು. ಅದಕ್ಕೆ ಸಲಹೆ ಕೊಟ್ಟ ಬೋರ್ಡೊದ ವೈನ್ ತಜ್ಞ ಮಿಷೆಲ್ ರೋಲಾಂ ನಮ್ಮ ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನರಿಗೂ ಸಲಹೆಗಾರರಾಗಿದ್ದವರು. ಗ್ರೋವರ್‌ನ ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆಗೆ ಜೊತೆ ಕೊಡುವುದು ಶಿರಾಜ್. ಹಾಗಾಗಿ ಅದನ್ನು ಬೋರ್ಡೊ ಬೆರಕೆ ಎನ್ನಲಾಗದು.

ನೀಲಿಯ ಮೇಲೆ ಚಿನ್ನದ ನಕ್ಷತ್ರವಿರುವ ಲೇಬಲ್ಲಿಗೆ ನಕಲಿಗಳ ಕಾಟವೂ ಇದೆ. 2020ರಲ್ಲಿ ಇಟಲಿಯ ಪೊಲೀಸರು ಒಂದು ಜಾಲ ಹಿಡಿದರು: ವೈನು ಸಿಸಿಲಿಯದ್ದು, ಬಾಟಲಿ ಟರ್ಕಿಯದ್ದು, ಲೇಬಲ್ಲು ಬಲ್ಗೇರಿಯದ್ದು. ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ತಂದರೆ ಅನುಮಾನಪಡಿ. ಅಷ್ಟು ಹಣ ಸುರಿಯಲು ಮನಸ್ಸಿಲ್ಲದವರಿಗೆ ಅದೇ ಮನೆಯ ಗ್ವಿದಾಲ್ಬೆರ್ತೊ ಇದೆ. ಮೆರ್ಲೊ ಸೇರಿರುವುದರಿಂದ ಬೇಗ ಮಾಗುತ್ತದೆ, ಬೆಲೆಯೂ ಬಹಳ ಕಡಿಮೆ. ನಾನಾದರೆ ಮೊದಲು ಅದನ್ನೇ ಕೊಳ್ಳುತ್ತೇನೆ. ಸಸ್ಸಿಕಾಯಾವೇ ಕೈಗೆ ಬಂದರೆ ಬಾಟಲಿಯನ್ನು ತಂಪು ಕತ್ತಲೆಯಲ್ಲಿ ಮಲಗಿಸಿಡಿ. ಲೇಬಲ್ಲಿನ ಇಸವಿಗೆ ಹತ್ತು ಕೂಡಿಸಿ, ಅದಕ್ಕೆ ಮುಂಚೆ ತೆರೆಯಬೇಡಿ. ತೆರೆದ ದಿನ ಮಟನ್ ಸಾರು ಬೇಡ.